ಐನೂರರ ಆಸೆಗೆ ಖಾತೆ ಬದಲಿಸುವ ಮುನ್ನ...

‘ಮೇಡಂ, ಐದೇ ನಿಮಿಷ. ಆಧಾರ್, ಪ್ಯಾನ್ ಕಾರ್ಡ್ ಇದ್ರೆ ಸಾಕು. ನಮ್ಮಲ್ಲಿ ಖಾತೆ ತೆರೆದ್ರೆ ಐನೂರು ರೂಪಾಯಿ ಕ್ಯಾಶ್‌ಬ್ಯಾಕ್!’

ಈ ಮಾತನ್ನು ನೀವೂ ಕೇಳಿರುತ್ತೀರಿ. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲೋ, ಮಗಳ ಶಾಲೆಯ ಎದುರೋ ಬಣ್ಣದ ಕೊಡೆಯ ಕೆಳಗೆ ಒಂದು ಟೇಬಲ್ಲು, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ. ಬಿಸಿಲಲ್ಲಿ ನಿಂತ ಅವನ ಮುಖ ನೋಡಿದರೆ ‘ಪಾಪ, ಇವನಿಗೂ ಟಾರ್ಗೆಟ್ ಇರುತ್ತಲ್ಲ’ ಅನಿಸುತ್ತದೆ. ಜೊತೆಗೆ ಐನೂರು ರೂಪಾಯಿ ಅಂದರೆ ನಮಗೇನು ಕಡಿಮೆಯೇ? ವಾರದ ತರಕಾರಿ ಬಂತು!

2024ರ ಯುಗಾದಿ ಮುಗಿದ ಮೇಲೆ ಒಂದು ದಿನ, ತುಮಕೂರಿನ ಎಸ್.ಎಸ್. ಪುರಂನಲ್ಲಿ ತರಕಾರಿ ಚೀಲ ಕೈಯಲ್ಲಿ ಹಿಡಿದೇ ನಾನೂ ಐದು ನಿಮಿಷ ನಿಂತೆ. ಆ ಹುಡುಗ ಟ್ಯಾಬ್‌ನಲ್ಲಿ ಒಂದಾದ ಮೇಲೊಂದು ಚೌಕಕ್ಕೆ ಟಿಕ್ ಹಾಕುತ್ತಾ ಹೋದ. ನಾನು ಮೊಬೈಲಿಗೆ ಬಂದ ಒಟಿಪಿ ಹೇಳುತ್ತಾ ಹೋದೆ. ಯಾವುದಕ್ಕೆ ಒಪ್ಪಿಗೆ ಕೊಡ್ತಾ ಇದ್ದೀನಿ ಅಂತ ಒಮ್ಮೆಯೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮನೆಗೆ ಬಂದು ಕಾಗದ ಓದಿದಾಗಲೇ ಗೊತ್ತಾಗಿದ್ದು, ಐನೂರು ಸುಮ್ಮನೆ ಬರುವುದಿಲ್ಲ. ಒಂದು ತಿಂಗಳೊಳಗೆ ಆ ಕಾರ್ಡಿನಿಂದ 5,000 ರೂಪಾಯಿ ಖರೀದಿ ಮಾಡಬೇಕು! ಮಾಡಿದೆ. ದಿನಸಿ ಜೊತೆಗೆ ಬೇಕಿಲ್ಲದ ಬೆಡ್‌ಶೀಟೂ ಬಂತು. ಎರಡು ತಿಂಗಳಾದ ಮೇಲೆ ಕ್ಯಾಶ್‌ಬ್ಯಾಕೂ ಬಂತು. ಕತೆ ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಗೃಹಲಕ್ಷ್ಮಿ ಎಲ್ಲಿಗೆ ಹೋದಳು?

ನನ್ನ ಹಳೆಯ ಖಾತೆ ತವರೂರು ಗುಬ್ಬಿಯಲ್ಲಿ. ಬಿ.ಎ. ಓದುವಾಗ ಅಪ್ಪ ಮಾಡಿಸಿಕೊಟ್ಟಿದ್ದು. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾದಾಗಿನಿಂದ ತಿಂಗಳ ಎರಡು ಸಾವಿರ ಅದೇ ಖಾತೆಗೆ ಬರುತ್ತಿತ್ತು. ಅದು ಮಗಳ ಟ್ಯೂಷನ್ ಫೀಸು ಅಂತ ನಾನು ಎತ್ತಿಡುತ್ತಿದ್ದ ದುಡ್ಡು.

ಹೊಸ ಖಾತೆ ತೆರೆದ ಮೇಲೆ ಒಂದು ಕಂತು ಬರಲಿಲ್ಲ. ತಡವಾಗುವುದು ಇದ್ದದ್ದೇ ಅಂದುಕೊಂಡೆ. ಇನ್ನೊಂದೂ ಬರಲಿಲ್ಲ. ಪಕ್ಕದ ಮನೆಯವರು ‘ನಮಗೆ ಬಂತಲ್ಲ!’ ಅಂದಾಗ ಎದೆ ಧಸಕ್ಕೆಂದಿತು. ಹುಡುಕಿದರೆ, ದುಡ್ಡು ಬಂದಿದೆ! ಆದರೆ ನಾನು ತಿರುಗಿಯೂ ನೋಡದ ಹೊಸ ಖಾತೆಗೆ. ಅಲ್ಲಿ 10,000 ರೂಪಾಯಿ ಕನಿಷ್ಠ ಬ್ಯಾಲೆನ್ಸ್ ಇಡಬೇಕಿತ್ತು. ‘ಝೀರೋ ಬ್ಯಾಲೆನ್ಸ್’ ಅಂತ ಹೇಳಿದ್ದು ಮೊದಲ ಮೂರು ತಿಂಗಳಿಗೆ ಮಾತ್ರವಂತೆ. ಅದಾದ ಮೇಲಿನ ಎರಡು ತಿಂಗಳಿಗೆ 500 ರೂಪಾಯಿ ದಂಡ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು ತಲಾ 590. ಗೃಹಲಕ್ಷ್ಮಿಯ ದುಡ್ಡಿನಿಂದಲೇ 1,180 ರೂಪಾಯಿ ಮುರಿದುಕೊಂಡಿದ್ದರು. ಬಂದದ್ದು ಐನೂರು, ಹೋದದ್ದು ಅದರ ಎರಡರಷ್ಟಕ್ಕೂ ಹೆಚ್ಚು!

ತಪ್ಪು ನನ್ನದೂ ಇದೆ. ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ಮೊದಲು ತಿಳಿಸಿ, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು ಎನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ನನಗೂ ಮೆಸೇಜ್ ಬಂದಿತ್ತು. ಸೀರೆ ಸೇಲ್, ಲೋನ್ ಮೆಸೇಜುಗಳ ರಾಶಿಯಲ್ಲಿ ನಾನು ತೆರೆದೇ ನೋಡಿರಲಿಲ್ಲ.

ಆಧಾರ್ ಹೋದ ಕಡೆ ದುಡ್ಡು

ಹೀಗೇಕಾಯಿತು? ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ. ನಾವು ಆಧಾರ್ ಅನ್ನು ನಾಲ್ಕು ಬ್ಯಾಂಕಿಗೆ ಕೊಟ್ಟಿರಬಹುದು. ಅದು ಕೇವಲ ಗುರುತಿಗೆ. ಆದರೆ ಸರ್ಕಾರದ ಹಣ ಬರುವುದಕ್ಕೆ ‘ಸೀಡಿಂಗ್’ ಅಂತ ಬೇರೆಯೇ ಇದೆ. ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎನ್ನುವ ಪಟ್ಟಿಯನ್ನು ಎನ್‌ಪಿಸಿಐ ಸಂಸ್ಥೆ ಇಟ್ಟಿರುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕೊನೆಗೆ ಯಾವುದಕ್ಕೆ ಒಪ್ಪಿಗೆ ಕೊಟ್ಟಿರೋ ಅದು. ಹಳೆಯ ಬ್ಯಾಂಕಿನ ಹೆಸರು ತಾನಾಗಿಯೇ ಅಳಿಸಿಹೋಗುತ್ತದೆ. ಆ ಹುಡುಗ ಟಿಕ್ ಹಾಕಿದ ಚೌಕಗಳಲ್ಲಿ ಇದೂ ಒಂದಾಗಿತ್ತು.

ತುಮಕೂರಿನವರಿಗೆ ಇದು ಹೊಸದೇನಲ್ಲ ನೋಡಿ. 2013ರ ಜೂನ್‌ನಲ್ಲಿ ಗ್ಯಾಸ್ ಸಬ್ಸಿಡಿಯನ್ನು ಖಾತೆಗೆ ನೇರವಾಗಿ ಹಾಕುವ ಯೋಜನೆ ದೇಶದಲ್ಲಿ ಮೊದಲು ಶುರುವಾದ ಕೆಲವೇ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆಗ ಆಧಾರ್ ಹಿಡಿದು ಬ್ಯಾಂಕಿನ ಮುಂದೆ ಕ್ಯೂ ನಿಂತವರು ನಾವೇ. ಆದರೂ ನಾನು ಎಡವಿದೆ.

ಗುಬ್ಬಿಗೆ ಎರಡು ಸಲ

ಸೀಡಿಂಗ್ ವಾಪಸ್ ಹಳೆಯ ಖಾತೆಗೆ ತರಬೇಕಲ್ಲ! ತುಮಕೂರಿನ ಶಾಖೆಯಲ್ಲಿ ಕೇಳಿದರೆ ‘ಖಾತೆ ಇರುವ ಶಾಖೆಗೇ ಹೋಗಿ’ ಎಂದರು. ಗುಬ್ಬಿ ಬಸ್ ಹತ್ತಿದೆ. ಅಲ್ಲಿ ನನ್ನ ಸಹಿ ಹೊಂದಲಿಲ್ಲ. ಕಾಲೇಜಿನಲ್ಲಿ ಕನ್ನಡದಲ್ಲಿ ಪೂರ್ತಿ ಹೆಸರು ಬರೆಯುತ್ತಿದ್ದೆ, ಈಗ ಎರಡು ಗೆರೆ ಎಳೆಯುತ್ತೇನೆ. ಫೋಟೊ, ಪ್ಯಾನ್ ಕಾರ್ಡಿನ ಜೆರಾಕ್ಸ್ ತನ್ನಿ ಎಂದರು. ಮತ್ತೊಂದು ದಿನ ಮತ್ತೊಂದು ಸಲ. ಶಕ್ತಿ ಯೋಜನೆಯಿಂದ ಬಸ್ ಚಾರ್ಜೇನೋ ಉಳಿಯಿತು, ಎರಡು ದಿನ ಮಾತ್ರ ಹೋಯಿತು. ಮಗಳನ್ನು ಶಾಲೆಯಿಂದ ಕರೆತರಲು ಪಕ್ಕದ ಮನೆಯವರಿಗೆ ಹೇಳಿ ಹೋಗಬೇಕಾಯಿತು. ಹೊಸ ಖಾತೆ ಮುಚ್ಚಲು ಹೋದರೆ, ವರ್ಷ ತುಂಬಿಲ್ಲ ಅಂತ ಅದಕ್ಕೂ ಶುಲ್ಕ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ನನ್ನ ಕತೆ.

ಕುಣಿಗಲ್‌ನಿಂದ ಬಂದ ಫೋನು

ನನ್ನದು ಹಣದ ನಷ್ಟ, ಹೇಗೋ ಹೋಯಿತು. ಕುಣಿಗಲ್‌ನಲ್ಲಿರುವ ನನ್ನ ನಾದಿನಿಯ ಮನೆಯಲ್ಲಿ ನಡೆದದ್ದು ಕೇಳಿ. ಅವಳ ಯಜಮಾನರೂ ಹೀಗೇ ಹೊಸ ಬ್ಯಾಂಕಿಗೆ ಬದಲಾಗಿದ್ದರು. ಹಳೆಯ ಖಾತೆಯ ಹಣವನ್ನೆಲ್ಲ ಎತ್ತಿ ಖಾಲಿ ಬಿಟ್ಟರು. ಆದರೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು ಹೋಗುತ್ತಿದ್ದದ್ದು ಆ ಹಳೆಯ ಖಾತೆಯಿಂದ. ವರ್ಷಕ್ಕೆ 436 ರೂಪಾಯಿ, ಎರಡು ಲಕ್ಷದ ವಿಮೆ. ಪ್ರತಿ ವರ್ಷ ಮೇ ಕೊನೆಯ ವಾರದಲ್ಲಿ ತಾನಾಗಿ ಕಡಿತವಾಗುತ್ತದೆ. ಜೂನ್ 1ರಿಂದ ಮುಂದಿನ ಮೇ 31ರವರೆಗೆ ರಕ್ಷಣೆ.

2025ರ ಜುಲೈನಲ್ಲಿ ಅವರಿಗೆ ಎದೆನೋವು ಬಂದು ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ಐಸಿಯು ಹೊರಗೆ ಕೂತಿದ್ದ ನಾದಿನಿ ಬ್ಯಾಂಕಿಗೆ ಫೋನ್ ಮಾಡಿ ವಿಚಾರಿಸಿ, ಆಮೇಲೆ ನನಗೆ ಮಾಡಿದಳು: ‘ಅತ್ತಿಗೆ, ಮೇ ತಿಂಗಳಲ್ಲಿ ದುಡ್ಡು ಕಟ್ ಆಗಿಲ್ವಂತೆ. ವಿಮೆ ಇಲ್ಲವಂತೆ...’ ಮುಂದೆ ಮಾತು ಹೊರಡಲಿಲ್ಲ.

ದೇವರು ದೊಡ್ಡವನು, ಅವರು ಗುಣವಾಗಿ ಮನೆಗೆ ಬಂದರು. ಆದರೆ ಆ ಒಂದು ರಾತ್ರಿ ಅವಳು ಎರಡು ಹೈಸ್ಕೂಲು ಮಕ್ಕಳನ್ನು ಕಟ್ಟಿಕೊಂಡು ಏನೇನು ಯೋಚಿಸಿರಬಹುದು? ತಪ್ಪಿಹೋದ ವಿಮೆಗೆ ಮತ್ತೆ ಸೇರಬಹುದು, ನಿಜ. ಆದರೆ ಸೇರಿದ ಮೊದಲ 30 ದಿನ, ಅಪಘಾತವಲ್ಲದೆ ಬೇರೆ ಕಾರಣದಿಂದ ಸಾವಾದರೆ ಹಣ ಸಿಗುವುದಿಲ್ಲ. ಖಾಲಿ ಬಿಟ್ಟ ಖಾತೆಯಲ್ಲಿ ಐನೂರು ರೂಪಾಯಿ ಇದ್ದಿದ್ದರೆ ಈ ಸಂಕಟವೇ ಇರುತ್ತಿರಲಿಲ್ಲ.

ಮೊದಲು ಲೆಕ್ಕ ಹಾಕಿ

ಕೊಡುಗೆ ಎಲ್ಲವೂ ಮೋಸವಲ್ಲ. ಆದರೆ ಲೆಕ್ಕ ಹಾಕದೆ ಒಪ್ಪಬೇಡಿ. ಉಳಿತಾಯ ಖಾತೆಗೆ ಶೇ 2.5 ಬಡ್ಡಿ ಎಂದುಕೊಳ್ಳಿ. 10,000 ರೂಪಾಯಿ ಅಲ್ಲೇ ಕೂತರೆ ವರ್ಷಕ್ಕೆ 250 ರೂಪಾಯಿ. ಶೇ 6ರ ಠೇವಣಿಯಲ್ಲಿಟ್ಟಿದ್ದರೆ 600. ಅಂದರೆ ಐನೂರರ ಕೊಡುಗೆಯಲ್ಲಿ 350 ಮೊದಲ ವರ್ಷವೇ ಕರಗಿತು! ಮುಂದಿನ ವರ್ಷ ಕೊಡುಗೆಯೂ ಇಲ್ಲ. ಕನಿಷ್ಠ ಬ್ಯಾಲೆನ್ಸ್ ಇದ್ದ ಹಾಗೇ ಇರುತ್ತದೆ ಎಂಬ ನಂಬಿಕೆಯೂ ಬೇಡ. 2025ರ ಆಗಸ್ಟ್‌ನಲ್ಲಿ ದೊಡ್ಡ ಖಾಸಗಿ ಬ್ಯಾಂಕೊಂದು ನಗರಗಳ ಹೊಸ ಖಾತೆಗಳಿಗೆ ಅದನ್ನು 50,000ಕ್ಕೆ ಏರಿಸಿ, ಜನ ತಿರುಗಿಬಿದ್ದ ಮೇಲೆ 15,000ಕ್ಕೆ ಇಳಿಸಿತು. ಅದೇ ಹೊತ್ತಿಗೆ ಕನಿಷ್ಠ ಬ್ಯಾಲೆನ್ಸ್ ದಂಡವನ್ನೇ ತೆಗೆದುಹಾಕಿದ ಸರ್ಕಾರಿ ಬ್ಯಾಂಕುಗಳೂ ಇವೆ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ತೆಗೆದವು.

ಬದಲಿಸಲೇಬೇಕಿದ್ದರೆ ಹೀಗೆ ಮಾಡಿ

* ಕನಿಷ್ಠ ಬ್ಯಾಲೆನ್ಸ್ ಎಷ್ಟು, ದಂಡ ಎಷ್ಟು, ಕೊಡುಗೆಗೆ ಷರತ್ತೇನು – ಬಾಯಿಮಾತು ನಂಬದೆ ಬರಹದಲ್ಲಿ ಕೇಳಿ. ಕನಿಷ್ಠ ಬ್ಯಾಲೆನ್ಸೇ ಬೇಡದ ‘ಮೂಲ ಉಳಿತಾಯ ಖಾತೆ’ ಎಲ್ಲ ಬ್ಯಾಂಕುಗಳಲ್ಲೂ ಇರುತ್ತದೆ. ಅವರು ಹೇಳುವುದಿಲ್ಲ, ನೀವೇ ಕೇಳಿ.

* ಒಟಿಪಿ ಹೇಳುವ ಮೊದಲು ‘ಸರ್ಕಾರದ ಹಣ ಈ ಖಾತೆಗೆ ಬರುವ ಒಪ್ಪಿಗೆ ಇದರಲ್ಲಿದೆಯಾ?’ ಎಂದು ಕೇಳಿ. ಬೇಡವಾದರೆ ಆ ಚೌಕದ ಟಿಕ್ ತೆಗೆಸಿ.

* ಆಧಾರ್ ಈಗ ಯಾವ ಬ್ಯಾಂಕಿಗೆ ಸೀಡ್ ಆಗಿದೆ ಅಂತ ‘ಮೈ ಆಧಾರ್’ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ನೋಡಬಹುದು. ರಾಜ್ಯ ಸರ್ಕಾರದ ಹಣ ಯಾವಾಗ, ಯಾವ ಖಾತೆಗೆ ಬಂತು ಎಂಬುದನ್ನು ‘ಡಿಬಿಟಿ ಕರ್ನಾಟಕ’ ಆ್ಯಪ್ ತೋರಿಸುತ್ತದೆ.

* ಹಳೆಯ ಪಾಸ್‌ಬುಕ್ಕಿನ ಒಂದು ವರ್ಷದ ಎಂಟ್ರಿ ಹಾಕಿಸಿ, ಬರುವುದು–ಹೋಗುವುದು ಎರಡನ್ನೂ ಪಟ್ಟಿ ಮಾಡಿ: ಗೃಹಲಕ್ಷ್ಮಿ, ಅತ್ತೆ–ಮಾವನ ಪಿಂಚಣಿ, ಎಲ್‌ಐಸಿ ಕಂತು, ವಿಮೆ, ಸುಕನ್ಯಾ ಸಮೃದ್ಧಿ, ಆರ್‌ಡಿ, ಕರೆಂಟ್ ಬಿಲ್. ವರ್ಷಕ್ಕೊಮ್ಮೆ ಹೋಗುವ ಕಂತೇ ಮರೆತುಹೋಗುವುದು.

* ಒಂದೊಂದನ್ನೂ ಹೊಸ ಖಾತೆಗೆ ವರ್ಗಾಯಿಸಿ ಟಿಕ್ ಹಾಕಿ. ಎಲ್ಲವೂ ಒಂದು ಸುತ್ತು ಸರಿಯಾಗಿ ಬಂದ ಮೇಲಷ್ಟೇ ಹಳೆಯದನ್ನು ಮುಚ್ಚಿ. ಸುಮ್ಮನೆ ಖಾಲಿ ಬಿಡಬೇಡಿ.

* ಹೊಸ ಖಾತೆ ಬೇಡವೆನಿಸಿದರೆ ಬೇಗ ನಿರ್ಧರಿಸಿ. ತೆರೆದ 14 ದಿನದೊಳಗೆ ಮುಚ್ಚಿದರೆ ಸಾಮಾನ್ಯವಾಗಿ ಶುಲ್ಕವಿಲ್ಲ.

* ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಇನ್ನೊಂದು ಎಚ್ಚರಿಕೆ. ‘ನಿಮ್ಮ ಹೆಸರಲ್ಲಿ ಖಾತೆ ತೆರೆದು ಎಟಿಎಂ ಕಾರ್ಡು, ಸಿಮ್ಮು ನಮಗೆ ಕೊಡಿ, ತಿಂಗಳಿಗಿಷ್ಟು ಕೊಡ್ತೀವಿ’ ಎನ್ನುವವರೂ ಇದ್ದಾರೆ. ಇದು ಕೊಡುಗೆಯಲ್ಲ, ವಂಚಕರು ಕದ್ದ ಹಣ ಸಾಗಿಸುವ ದಾರಿ. ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ! ಈ ಬಲೆಗೆ ಈಗಾಗಲೇ ಬಿದ್ದಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿ.

ನಮ್ಮ ಮನೆಯ ಬೀರುವಿನ ಬಾಗಿಲ ಒಳಗೆ ಈಗ ಒಂದು ಹಾಳೆ ಅಂಟಿಸಿದ್ದೇನೆ. ಯಾವ ಖಾತೆಗೆ ಏನು ಬರುತ್ತೆ, ಯಾವ ತಿಂಗಳು ಏನು ಹೋಗುತ್ತೆ, ಎಲ್ಲ ಅದರಲ್ಲಿದೆ. ಕುಣಿಗಲ್‌ನ ನಾದಿನಿಯೂ ಬರೆದಿಟ್ಟುಕೊಂಡಿದ್ದಾಳೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆ ಬಿಡುವಿದ್ದರೆ ನೀವೂ ಪಾಸ್‌ಬುಕ್ ತೆಗೆದು ಕೂರಬಾರದೇಕೆ? ಏನಂತೀರಿ?