ಸಾಣೆ, ನೀರು ಮತ್ತು ಅಡುಗೆಮನೆಯ ಅಲಗು

‘ಧಾರೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಕನ್ಯಾದಾನದಲ್ಲಿ ಎರೆಯುವ ಧಾರೆ ನೀರು. ಅಸಿಧಾರೆಯ ಧಾರೆ ಕತ್ತಿಯ ಅಂಚು. ಸಂಸ್ಕೃತದಿಂದ ಬಂದ ಈ ಇಬ್ಬಗೆಯ ಅರ್ಥವನ್ನು ಮರಾಠಿಯ ‘ಧಾರ’ವೂ ಉಳಿಸಿಕೊಂಡಿದೆ. ಗಡಹಿಂಗ್ಲಜದ ಕಡೆಯ ಕನ್ನಡ ಮನೆಗಳಲ್ಲಿ ‘ಚಾಕೂಗೆ ಧಾರಿ ಹಚ್ಚು’ ಎನ್ನುವುದು ಮರಾಠಿಯ ‘ಧಾರ ಲಾವಣೆ’ ಎಂಬ ಪ್ರಯೋಗದ ಪಡಿಯಚ್ಚು. ಮೈಸೂರು ಸೀಮೆಯ ಕನ್ನಡಿಗ ಇದನ್ನೇ ‘ಸಾಣೆ ಹಿಡಿ’ ಎನ್ನುತ್ತಾನೆ. ಗಡಿನಾಡಿನ ವಿದ್ಯಾರ್ಥಿಗೆ ಎರಡೂ ಮಾತುಗಳು ಮನೆಯವೇ. ಆದರೆ ಅಲಗಿಗೂ ನೀರಿಗೂ ಇರುವ ನಂಟು ಕೇವಲ ಶಬ್ದದ್ದಲ್ಲ, ವಸ್ತುವಿನದೂ ಹೌದು ಎಂಬುದು ಹರಿತ ಮಾಡುವ ಕೆಲಸವನ್ನು ನೋಡಿದಾಗ ತಿಳಿಯುತ್ತದೆ.

ಹರಿತ ಮಾಡುವುದನ್ನು ಸೂಚಿಸಲು ಕನ್ನಡದಲ್ಲಿ ಎರಡು ಕ್ರಿಯೆಗಳಿವೆ. ‘ಮಸೆ’ ಎಂಬುದು ದೇಶ್ಯ. ಅಲುಗಾಡದೆ ಕುಳಿತ ಕಲ್ಲಿನ ಮೇಲೆ ಅಲಗನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುವುದೇ ಮಸೆಯುವುದು. ಹಲ್ಲು ಮಸೆಯುವವನು ಮಾಡುವುದೂ ಅದನ್ನೇ, ಅವನಿಗೆ ಕಲ್ಲಿನ ಅಗತ್ಯವಿಲ್ಲ ಅಷ್ಟೆ. ‘ಸಾಣೆ’ ಎಂಬುದು ‘ಶಾಣ’ದ ತದ್ಭವ, ಶಕಾರವು ಸಕಾರವಾಗುವ ಈ ಬಗೆಯನ್ನು ವಿದ್ಯಾರ್ಥಿಗಳು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಓದಿಯೇ ಇರುತ್ತಾರೆ. ಸಾಣೆಯ ಕೆಲಸದಲ್ಲಿ ತಿರುಗುವುದು ಕಲ್ಲು, ನಿಲ್ಲಬೇಕಾದುದು ಅಲಗು. ಆದುದರಿಂದಲೇ ಅದನ್ನು ‘ಹಿಡಿಯಬೇಕು’. ಇದೇ ಸಾಣೆಕಲ್ಲು ಗಂಧ ತೇಯುವ ಕಲ್ಲೂ ಆಗಿದೆ. ಮರಾಠಿಯ ‘ಸಹಾಣ’ವೂ ದೇವರ ಮನೆಯಲ್ಲಿ ಗಂಧದ ಕೊರಡಿನ ಪಕ್ಕದಲ್ಲಿಯೇ ಇರುತ್ತದೆ. ಗಂಧವನ್ನು ಯಾರೂ ಒಣಕಲ್ಲಿನ ಮೇಲೆ ತೇಯುವುದಿಲ್ಲ.

ಈ ಸೀಮೆಯಲ್ಲಿ ಸಾಣೆಯ ವೃತ್ತಿಗೆ ಒಂದು ಮನೆತನದ ಹೆಸರೇ ಇದೆ: ಶಿಕಲಗಾರ. ಕೊಲ್ಹಾಪುರ, ಇಚಲಕರಂಜಿಗಳಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಇದು ಪರಿಚಿತವಾದ ಅಡ್ಡಹೆಸರು. ಕನ್ನಡದ ಕಿವಿಗೆ ಇದು ಬಳೆಗಾರ, ಹೂಗಾರ ಎಂಬ ಸಾಲಿಗೆ ಸೇರಿದಂತೆ ಕೇಳುತ್ತದೆ. ಆದರೆ ಇಲ್ಲಿಯ ‘ಗಾರ’ ಬೇರೆ ದಾರಿಯಿಂದ ಬಂದುದು. ಅರಬಿಯ ‘ಸೈಕಲ್’ ಎಂದರೆ ಲೋಹಕ್ಕೆ ಹೊಳಪು ಕೊಡುವುದು. ಅದಕ್ಕೆ ಪಾರಸಿಯ ‘ಗರ್’ ಪ್ರತ್ಯಯ ಸೇರಿ ‘ಸೈಕಲ್‌ಗರ್’ ಆಯಿತು. ಖಡ್ಗಗಳನ್ನು ಬೆಳಗುತ್ತಿದ್ದವರ ಹೆಸರು ಖಡ್ಗಗಳು ಹೋದ ಮೇಲೂ ಉಳಿದುಕೊಂಡಿದೆ. ಬೈಸಿಕಲ್ಲಿನ ಮೇಲೆ ಸಾಣೆಗಾಲಿಯನ್ನು ಕೂಡಿಸಿ, ಪೆಡಲು ತುಳಿಯುತ್ತ, ಕಿಡಿ ಹಾರಿಸುತ್ತ ಓಣಿ ಓಣಿ ತಿರುಗುವ ಸಾಣೆಯವರು ಈಗ ವಿರಳವಾಗುತ್ತಿದ್ದಾರೆ. ಅವರು ಬಾರದಿದ್ದಾಗ ಮನೆಯವರು ಚಾಕು, ಈಳಿಗೆಗಳನ್ನು ಯಾವುದಾದರೂ ಯಂತ್ರಶಾಲೆಗೆ ಒಯ್ಯುತ್ತಾರೆ. ಎರಕದ ಕಾರ್ಖಾನೆಗಳ ಊರಾದ ಕೊಲ್ಹಾಪುರದಲ್ಲಿ, ವಿದ್ಯುತ್ ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಯಂತ್ರಶಾಲೆಗಳಿಗೆ ಕೊರತೆಯಿಲ್ಲ. ಅಲ್ಲಿಯ ಒಣ ಗ್ರೈಂಡರಿಗೆ ಚಾಕು ಕ್ಷಣಮಾತ್ರ ತಗುಲಿದರೆ ಸಾಕು, ಕಿಡಿಗಳ ಜಡಿಮಳೆಯಾಗುತ್ತದೆ. ನೋಡಲು ಚೆಂದ. ಚಾಕುವಿಗೆ ಮಾತ್ರ ಅದು ಕೇಡು.

ಈ ಕೇಡನ್ನು ಅರಿಯಲು ‘ಹದ’ವನ್ನು ಅರಿಯಬೇಕು. ಹಳಗನ್ನಡದ ‘ಪದ’ನೇ ಇಂದಿನ ಹದ. ಕಮ್ಮಾರನು ಉಕ್ಕನ್ನು ಕೆಂಪಗೆ ಕಾಯಿಸಿ ಒಮ್ಮೆಲೆ ತಣಿಸಿದಾಗ ಅದು ಗಡುಸಾಗುತ್ತದೆ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಮತ್ತೆ ಅದನ್ನು ಮಿತವಾಗಿ ಕಾಯಿಸಿ, ಗಡಸುತನವನ್ನು ತುಸು ಬಿಟ್ಟುಕೊಟ್ಟು ಬಾಳಿಕೆಯನ್ನು ಪಡೆಯುವುದೇ ಹದ. ಮರಾಠಿಯಲ್ಲಿ ಅಲಗಿನ ಈ ಸಂಸ್ಕಾರಕ್ಕೆ ‘ಪಾಣೀ ದೇಣೆ’ ಎನ್ನುತ್ತಾರೆ, ಅಂದರೆ ನೀರು ಕೊಡುವುದು. ಉಜ್ಜಿ ಹೊಳೆಯಿಸಿದ ಸಾದಾ ಉಕ್ಕು ಕಾಯುತ್ತ ಹೋದಂತೆ ಅದರ ಮೇಲೆ ಬಣ್ಣಗಳು ಮೂಡುತ್ತವೆ: ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿಗೆ ಒಣಹುಲ್ಲಿನ ಹಳದಿ, 250ರ ಮೇಲೆ ಕಂದು, 280ರ ಹತ್ತಿರ ನೇರಳೆ, 300ರ ಸುಮಾರಿಗೆ ನೀಲಿ. ಕಮ್ಮಾರನು ಗಣಿತವಿಲ್ಲದೆ ಕಣ್ಣಿನಿಂದಲೇ ಈ ಬಣ್ಣಗಳನ್ನು ಓದುತ್ತಾನೆ. ಒಣ ಗ್ರೈಂಡರಿನಿಂದ ಮರಳಿದ ಚಾಕುವಿನ ಅಂಚಿನಲ್ಲಿ ನೀಲಿ ಗೆರೆ ಕಂಡರೆ ಅದು ಅಲಂಕಾರವಲ್ಲ. ಆ ಭಾಗದ ಹದ ಹೋಯಿತೆಂಬುದರ ಗುರುತು. ಅಂಥ ಅಂಚು ಅಂದು ಕೂದಲನ್ನೂ ಕತ್ತರಿಸೀತು, ಆದರೆ ವಾರ ಕಳೆಯುವುದರೊಳಗೆ ಮೊಂಡಾಗುತ್ತದೆ. ಮನೆಯವರು ಮತ್ತೆ ಗ್ರೈಂಡರಿಗೆ ಒಯ್ಯುತ್ತಾರೆ, ಮತ್ತಷ್ಟು ಉಕ್ಕು ಸವೆಯುತ್ತದೆ. ಒಂದು ತಲೆಮಾರು ಬಾಳಬೇಕಾದ ಈಳಿಗೆ ಕೆಲವೇ ವರ್ಷಗಳಲ್ಲಿ ಕಡ್ಡಿಯಂತಾಗುವುದು ಹೀಗೆ.

ನಡುನಡುವೆ ನೀರಿನಲ್ಲಿ ಅದ್ದಿದರಾಯಿತಲ್ಲ ಎಂಬ ವಾದವಿದೆ. ಪಳಗಿದ ಕೈಗೆ ಅದು ಸಾಧ್ಯ. ಅಲಗನ್ನು ಹಗುರಾಗಿ ಸೋಕಿಸಿ, ಕಾಯುವ ಮೊದಲೇ ತೆಗೆದು ಅದ್ದುವ ಸಾಣೆಯವರನ್ನು ಹಳಿಯಬೇಕಾಗಿಲ್ಲ. ಕೆಡಿಸುವುದು ಒತ್ತಡ ಮತ್ತು ಅವಸರ. ಅಂಚು ಕಾಗದಕ್ಕಿಂತ ತೆಳುವಾದುದರಿಂದ ಚಾಕುವಿನ ಬೆನ್ನು ಬೆರಳಿಗೆ ಬಿಸಿ ತಗಲುವ ಮೊದಲೇ ಅದು ಕಾದುಹೋಗುತ್ತದೆ. ನೀಲಿಯಾದ ಮೇಲೆ ಅದ್ದಿದರೆ ಹದ ಮರಳದು. ಬಣ್ಣವನ್ನು ಉಜ್ಜಿ ಅಳಿಸಬಹುದು. ಆದರೆ ಮೆತ್ತಗಾದ ಉಕ್ಕನ್ನೆಲ್ಲ ತೇಯ್ದು ತೆಗೆಯಬೇಕು, ಇಲ್ಲವೆ ಕಮ್ಮಾರನ ಒಲೆಗೆ ಮತ್ತೆ ಒಯ್ಯಬೇಕು.

ನೀರಿನಿಂದ ತಂಪಾಗುವ ಸಾಣೆಯಂತ್ರದ ಪ್ರಯೋಜನ ಇಲ್ಲಿಯೇ ಇದೆ. ಅದರ ರಚನೆ ಸರಳ. ಒಂದು ಅಗಲವಾದ ಕಲ್ಲಿನ ಗಾಲಿ, ಅದರ ಕೆಳಭಾಗ ಮುಳುಗುವಂತೆ ನೀರಿನ ತೊಟ್ಟಿ, ನಿಧಾನವಾಗಿ ತಿರುಗಿಸುವ ಮೋಟಾರು, ಅಲಗನ್ನು ಒಂದೇ ಕೋನದಲ್ಲಿ ನಿಲ್ಲಿಸುವ ಅಡ್ಡಸರಳು. ತಿರುಗುವಾಗ ಕಲ್ಲೇ ನೀರನ್ನು ಎತ್ತಿಕೊಂಡು ಅಂಚಿನ ಮೇಲೆ ಹರಿಸುತ್ತದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಅದು ಹರಿಯುತ್ತಿರುವವರೆಗೆ ಅಂಚು ಹದ ಕೆಡುವ ಉಷ್ಣಕ್ಕೆ ಏರಲಾರದು. ವೇಗದ ಅಂತರವಂತೂ ಬೆರಗು ಹುಟ್ಟಿಸುವಷ್ಟಿದೆ. 1973ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಟೊರ್ಮೆಕ್ ಸಂಸ್ಥೆಯ ದೊಡ್ಡ ಯಂತ್ರದಲ್ಲಿ 250 ಮಿ.ಮೀ. ವ್ಯಾಸದ ಕಲ್ಲು ನಿಮಿಷಕ್ಕೆ ಸುಮಾರು 90 ಸುತ್ತು ತಿರುಗುತ್ತದೆ. ಅಂದರೆ ಕಲ್ಲಿನ ಮೈ ನಿಮಿಷಕ್ಕೆ ಸುಮಾರು 70 ಮೀಟರ್ ಸಾಗುತ್ತದೆ. 150 ಮಿ.ಮೀ. ಗಾಲಿಯ ಒಣ ಗ್ರೈಂಡರು ನಿಮಿಷಕ್ಕೆ 2850 ಸುತ್ತು ತಿರುಗಿದರೆ ಅದೇ ಲೆಕ್ಕ 1300 ಮೀಟರ್ ದಾಟುತ್ತದೆ. ಹತ್ತೊಂಬತ್ತು ಪಟ್ಟು!

ಇಂಥ ಗಾಲಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಅಲ್ಯುಮಿನಿಯಂ ಆಕ್ಸೈಡ್. ಅದೇ ವಸ್ತು ಖನಿಜರೂಪದಲ್ಲಿ ‘ಕೊರಂಡಮ್’. ತಮಿಳಿನ ಕುರುಂದಂ, ತೆಲುಗಿನ ಕುರುವಿಂದಂ, ಸಂಸ್ಕೃತದ ಕುರುವಿಂದ ಇವುಗಳ ಬಳಗದಿಂದಲೇ ಆ ಇಂಗ್ಲಿಷ್ ಹೆಸರು ಹುಟ್ಟಿತು. ಕನ್ನಡದ ‘ಉಕ್ಕು’ ಹೊರನಾಡಿನಲ್ಲಿ ‘ವೂಟ್ಸ್’ ಆಯಿತೆಂಬ ಸಂಗತಿಯನ್ನು ಅಭಿಮಾನದಿಂದ ಹೇಳುವವರು ಬಹಳ. ಆ ಉಕ್ಕನ್ನು ತೇಯುವ ಕಲ್ಲೂ ದಕ್ಷಿಣದ ಹೆಸರನ್ನೇ ಹೊತ್ತು ಹೋಯಿತೆಂಬುದನ್ನು ನೆನೆಯುವವರು ಕಡಿಮೆ.

ಬಳಸುವ ಕ್ರಮ ಕಷ್ಟದ್ದಲ್ಲ. ಯಂತ್ರವನ್ನು ಮೊದಲು ತಿರುಗಲು ಬಿಟ್ಟು ಕಲ್ಲಿಗೆ ನೀರು ಕುಡಿಸಬೇಕು. ಹೊಸ ಕಲ್ಲು ತೊಟ್ಟಿಯ ನೀರನ್ನು ಹೀರಿಕೊಳ್ಳುವುದರಿಂದ ಮತ್ತೆ ತುಂಬಬೇಕಾಗುತ್ತದೆ. ಅಡುಗೆಯ ಚಾಕುವಿಗೆ ಪ್ರತಿ ಬದಿಯಲ್ಲಿ 15ರಿಂದ 20 ಡಿಗ್ರಿಯ ಕೋನ ಸಾಕು. ಅಲಗನ್ನು ಹಿಡಿಕೆಯಿಂದ ತುದಿಯವರೆಗೆ ಸಮನಾದ, ಹಗುರಾದ ಒತ್ತಡದಲ್ಲಿ ಸರಿಸುತ್ತ ಹೋಗಬೇಕು. ಎಲ್ಲಿಯೂ ತಂಗಬಾರದು, ತಂಗಿದಲ್ಲಿ ಹಳ್ಳ ಬೀಳುತ್ತದೆ. ಒಂದು ಬದಿ ಸಾಕಷ್ಟು ತೇಯ್ದಾಗ ಅಂಚಿನ ಮತ್ತೊಂದು ಬದಿಗೆ ಕೂದಲಿನಷ್ಟು ನವಿರಾದ ಉಕ್ಕಿನ ಮಡಿಕೆ ಏಳುತ್ತದೆ. ಯಂತ್ರಶಾಲೆಗಳಲ್ಲಿ ಅದಕ್ಕೆ ‘ಬರ್’ ಎಂದು ಹೆಸರು. ಬೆರಳನ್ನು ಅಲಗಿನ ಬೆನ್ನಿನಿಂದ ಅಂಚಿನ ಹೊರಕ್ಕೆ ಸವರಿದರೆ ಅದು ತಡೆಯುತ್ತದೆ. ಅಂಚಿನ ಉದ್ದಕ್ಕೆ ಬೆರಳನ್ನು ಎಂದೂ ಎಳೆಯಬಾರದು. ಬರ್ ಉದ್ದಕ್ಕೂ ಎದ್ದ ಮೇಲೆಯೇ ಬದಿ ಬದಲಿಸಬೇಕು. ಅದು ಏಳುವ ಮೊದಲೇ ನಿಲ್ಲಿಸುವುದೇ ಹೊಸಬರ ಚಾಕು ಹರಿತವಾಗದಿರಲು ಮುಖ್ಯ ಕಾರಣ.

ಕಡೆಗೆ ಆ ಬರ್ ತೆಗೆಯಬೇಕು. ಅದಕ್ಕೆ ಯಂತ್ರದ ಇನ್ನೊಂದು ಮಗ್ಗುಲಿಗೆ ಚರ್ಮದ ಗಾಲಿ ಇರುತ್ತದೆ. ಅದರ ಮೇಲೆ ನುಣುಪು ಲೇಪವನ್ನು ಸವರಿ, ಅಂಚು ಗಾಲಿಯ ಚಲನೆಗೆ ಎದುರಾಗದಂತೆ ಹಿಡಿಯಬೇಕು. ಎದುರಾದರೆ ಅದು ಚರ್ಮವನ್ನೇ ಸೀಳುತ್ತದೆ. ಚರ್ಮದ ಮೇಲೆ ಅಲಗನ್ನು ತಿಕ್ಕಿ ನುಣುಪು ಮಾಡುವುದು ಕ್ಷೌರಿಕನ ಪಟ್ಟಿಯನ್ನು ಕಂಡವರಿಗೆ ಹೊಸದಲ್ಲ. ಕೊಲ್ಹಾಪುರಿ ಚಪ್ಪಲಿ ಮಾಡುವವರ ರಂಪಿಗೆಗೂ, ಅಂದರೆ ಮರಾಠಿಯ ರಾಪಿಗೂ, ಇದೇ ನುಣುಪು ಬೇಕು. ಒರಟು ಅಂಚು ಚರ್ಮವನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಟೊಮೆಟೊ ಹಣ್ಣಿನ ಸಿಪ್ಪೆಯೂ ಹಾಗೆಯೇ.

ಈ ಯಂತ್ರ ಎಲ್ಲಕ್ಕೂ ಸಲ್ಲುವುದಿಲ್ಲ. ಹಲ್ಲುಗಳಿರುವ ಕುಡುಗೋಲನ್ನು ಇದಕ್ಕೆ ಒಡ್ಡಿದರೆ ಹಲ್ಲುಗಳು ಹೋಗುತ್ತವೆ. ಈಳಿಗೆಯ ಅಲಗನ್ನು ಮಣೆಯಿಂದ ಬಿಚ್ಚಬೇಕು. ಅಂಚು ಒಳಕ್ಕೆ ಬಾಗಿದ್ದರೆ ಅಗಲವಾದ ಗಾಲಿಯ ಮೂಲೆ ಮಾತ್ರ ತಾಕುವುದರಿಂದ ಕೈಯ ಮಸೆಗಲ್ಲೇ ಮೇಲು. ಬೆಲೆಯೂ ಹಗುರಲ್ಲ. ನಾಲ್ಕು ಚಾಕುಗಳಿರುವ ಮನೆಗೆ ಎರಡು ಮೈಯ ಮಸೆಗಲ್ಲು, ಒಂದು ಬಟ್ಟಲು ನೀರು ಸಾಲುತ್ತವೆ. ನಾಲ್ಕು ಸೆಂ.ಮೀ. ಅಗಲದ ಚಾಕುವಿನ ಬೆನ್ನನ್ನು ಕಲ್ಲಿನಿಂದ ಒಂದು ಸೆಂ.ಮೀ. ಎತ್ತಿ ಹಿಡಿದರೆ ಸುಮಾರು 15 ಡಿಗ್ರಿಯ ಕೋನ ತಾನಾಗಿ ಬರುತ್ತದೆ. ಹತ್ತಾರು ಮನೆಗಳ ಅಲಗುಗಳನ್ನು ನೋಡಿಕೊಳ್ಳುವವರಿಗೆ, ಖಾನಾವಳಿಯವರಿಗೆ, ವೃತ್ತಿಯನ್ನು ಮುಂದುವರಿಸಬಯಸುವ ಶಿಕಲಗಾರರಿಗೆ ಮಾತ್ರ ಯಂತ್ರವು ತನ್ನ ಬೆಲೆಯನ್ನು ತೀರಿಸೀತು.

ನೀರು ಅಲಗನ್ನಷ್ಟೇ ಅಲ್ಲ, ಹಿಡಿದವನನ್ನೂ ಕಾಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಚಾಕುಗಳ ಊರಾದ ಶೆಫೀಲ್ಡಿನಲ್ಲಿ ಮರಳುಗಲ್ಲಿನ ಗಾಲಿಗಳ ಮೇಲೆ ಒಣದಾಗಿ ಮುಳ್ಳುಚಮಚಗಳನ್ನು ತೇಯುತ್ತಿದ್ದವರು ಕಲ್ಲಿನ ಧೂಳು ಪುಪ್ಪುಸಕ್ಕೆ ಸೇರಿ ಎಳೆಯ ಪ್ರಾಯದಲ್ಲಿಯೇ ಸಾಯುತ್ತಿದ್ದರು. ನೀರಿನ ಗಾಲಿಯ ಮೇಲೆ ದುಡಿದವರಿಗೆ ಆ ರೋಗ ತಡವಾಗಿ ತಗಲುತ್ತಿತ್ತು. ಮನೆಯ ಯಂತ್ರದಲ್ಲಿ ಆ ಧೂಳೆಲ್ಲ ತೊಟ್ಟಿಯ ತಳದಲ್ಲಿ ಬೂದುಬಣ್ಣದ ಕೆಸರಾಗಿ ಕೂಡುತ್ತದೆ. ಕೆಲಸ ಮುಗಿದೊಡನೆ, ವಿದ್ಯುತ್ತಿನ ತಂತಿಯನ್ನು ಕಿತ್ತು, ತೊಟ್ಟಿಯನ್ನು ಇಳಿಸಿ ಕೆಸರನ್ನು ತೆಗೆಯಬೇಕು. ಬಚ್ಚಲಿಗೆ ಸುರಿದರೆ ಅದು ಸಿಮೆಂಟಿನಂತೆ ಗಟ್ಟಿಯಾಗಿ ಕೊಳವೆಯನ್ನು ಕಟ್ಟುತ್ತದೆ. ಹಳೆಯ ಪತ್ರಿಕೆಯ ಮೇಲೆ ಹರಡಿ ಒಣಗಿಸಿ ಕಸಕ್ಕೆ ಹಾಕುವುದು ಲೇಸು. ಚಾಕುವನ್ನು ತೊಳೆದು ಒಡನೆ ಒರೆಸಬೇಕು. ಸಾದಾ ಉಕ್ಕಿನ ಈಳಿಗೆಯಾದರೆ ಒಂದು ಹನಿ ಶೇಂಗಾ ಎಣ್ಣೆ ಸವರಿಡಬೇಕು.