ಹಿತ್ತಲ ಕೋಳಿಗಳ ತೊಗಲು ಮೊಟ್ಟೆಗೆ ಕಾರಣಗಳೂ ಪರಿಹಾರವೂ

ನಾಲ್ಕಾರು ಕೋಳಿಗಳನ್ನು ಹಿತ್ತಲಿನಲ್ಲಿ ಸಾಕಿಕೊಂಡಿರುವ ರೈತರ ಮನೆಗಳಲ್ಲಿ ಮೊಟ್ಟೆ ಮಾರಿ ಬರುವ ಹಣವು ಬಹುಮಟ್ಟಿಗೆ ಹೆಂಗಸರ ಕೈಯ ಹಣವಾಗಿರುತ್ತದೆ. ಹೀಗಿರುವಲ್ಲಿ, ಚೆನ್ನಾಗಿ ಮೊಟ್ಟೆಯಿಡುತ್ತಿದ್ದ ಹೇಂಟೆಯು ಒಂದು ಬೆಳಿಗ್ಗೆ ಚಿಪ್ಪೇ ಇಲ್ಲದ, ತೊಗಲಿನ ಚೀಲದಂತಿರುವ ಮೊಟ್ಟೆಯನ್ನಿಟ್ಟರೆ ಕೆಲವರು ದೃಷ್ಟಿ ತಗುಲಿತೆಂದು ಭಾವಿಸುವರು. ಇನ್ನು ಕೆಲವರು ಕೋಳಿ ಕೆಟ್ಟಿತೆಂದು ಆ ವಾರದ ಸಂತೆಗೇ ಸಾಗಿಸಿಬಿಡುವರು. ಇವೆರಡೂ ಸರಿಯಲ್ಲ. ಇಂಥ ಕೋಳಿಗಳಲ್ಲಿ ಹಲವು ಆಹಾರವನ್ನು ತಿದ್ದಿದ ಮಾತ್ರದಿಂದಲೇ ಸರಿಹೋಗುವುವು.

ಹಳದಿಯು ಅಂಡಾಶಯದಿಂದ ಬಿಡುಗಡೆಯಾದ ಮೇಲೆ ಪೂರ್ಣವಾದ ಮೊಟ್ಟೆಯು ಹೊರಬೀಳುವುದಕ್ಕೆ 24ರಿಂದ 26 ಗಂಟೆಗಳ ಕಾಲ ಹಿಡಿಯುತ್ತದೆ. ಇದರಲ್ಲಿ ಲೋಳೆಯೂ ಒಳತೊಗಲೂ ಸೇರುವುದಕ್ಕೆ ನಾಲ್ಕೈದು ಗಂಟೆಗಳು ಸಾಕು. ಉಳಿದ ಸುಮಾರು 20 ಗಂಟೆಗಳೂ ಚಿಪ್ಪು ಕಟ್ಟುವುದಕ್ಕೇ ಬೇಕು. ಈ ಕೆಲಸದ ಹೆಚ್ಚಿನ ಭಾಗವು ರಾತ್ರಿಯಲ್ಲಿ ನಡೆಯುತ್ತದೆ. ಚಿಪ್ಪಿನ ತೂಕ 5-6 ಗ್ರಾಂ. ಅದು ಬಹುತೇಕ ಸುಣ್ಣಕಲ್ಲಿನಲ್ಲಿರುವ ವಸ್ತುವೇ. ಅಂದರೆ ಒಂದೊಂದು ಮೊಟ್ಟೆಗೂ ಕೋಳಿಯು ತನ್ನ ಶರೀರದಿಂದ ಸುಮಾರು 2 ಗ್ರಾಂ ಕ್ಯಾಲ್ಸಿಯಂ, ಎಂದರೆ ಸುಣ್ಣದಂಶವನ್ನು, ತೆರಬೇಕಾಗುತ್ತದೆ. ಮೇವಿನಲ್ಲಿ ಅದು ದೊರೆಯದಿದ್ದರೆ ಮೂಳೆಗಳಿಂದ ತೆಗೆದು ಕೆಲವು ದಿನ ನಡೆಸುವುದು; ಆ ಸಂಗ್ರಹವೂ ಮುಗಿದಾಗ ಚಿಪ್ಪು ತೆಳುವಾಗಿ, ಕಡೆಗೆ ಇಲ್ಲವೇ ಆಗುತ್ತದೆ.

ರಾಗಿಯನ್ನು ತಿನ್ನುವ ಕೋಳಿಗೆ ಸುಣ್ಣದಂಶದ ಕೊರತೆಯೇ ಇಲ್ಲವೆಂದು ಹಲವರು ತಿಳಿದಿದ್ದಾರೆ. ಅಕ್ಕಿ, ಜೋಳಗಳಿಗಿಂತ ರಾಗಿಯಲ್ಲಿ ಅದು ಬಹು ಪಾಲು ಹೆಚ್ಚೆಂಬುದು ನಿಜ. ಆದರೆ 100 ಗ್ರಾಂ ರಾಗಿಯಲ್ಲಿರುವುದು ಒಂದು ಗ್ರಾಮಿನ ಮೂರನೆಯ ಒಂದು ಪಾಲು ಮಾತ್ರ. ಕೋಳಿಯು ದಿನಕ್ಕೆ ತಿನ್ನುವ ಒಟ್ಟು ಮೇವೇ ಸುಮಾರು 100 ಗ್ರಾಂ. ಲೆಕ್ಕವನ್ನು ಓದುವವರೇ ಹಾಕಿಕೊಳ್ಳಬಹುದು. ನಾಟಿ ಕೋಳಿಯು ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರುವುದರಿಂದ ಈ ಕೊರತೆ ಅದಕ್ಕೆ ಅಷ್ಟಾಗಿ ತೋರುವುದಿಲ್ಲ. ಬೆಂಗಳೂರಿನಲ್ಲಿ ರೂಪಿಸಲಾದ ಗಿರಿರಾಜದಂಥ ಹೆಚ್ಚು ಮೊಟ್ಟೆಯಿಡುವ ತಳಿಗಳನ್ನು ತಂದು, ನಾಟಿ ಕೋಳಿಯಂತೆಯೇ ಹಿಡಿ ಕಾಳೆರಚಿ ಬಿಟ್ಟ ಮನೆಗಳಲ್ಲಿಯೇ ತೊಗಲು ಮೊಟ್ಟೆಯ ತೊಂದರೆ ಹೆಚ್ಚು.

ಇದಕ್ಕೆ ಪರಿಹಾರವು ಸುಲಭವಾದುದು. ಕಪ್ಪೆಚಿಪ್ಪು, ಬಸವನಹುಳುವಿನ ಚಿಪ್ಪು ಅಥವಾ ಸುಣ್ಣಕಲ್ಲನ್ನು ಜೋಳದ ಕಾಳಿನಷ್ಟು ದಪ್ಪಕ್ಕೆ ಕುಟ್ಟಿ, ಮೇವಿಗೆ ಬೆರೆಸದೆ ಬೇರೆ ತಟ್ಟೆಯಲ್ಲಿಡತಕ್ಕದ್ದು. ಮೊಟ್ಟೆಯಿಡುವ ಕೋಳಿಯು ತನಗೆ ಬೇಕಾದಷ್ಟನ್ನು ತಾನೇ ಆರಿಸಿ ತಿನ್ನುತ್ತದೆ. ಸಂಜೆ ತಿಂದ ತರಿಯು ಹೊಟ್ಟೆಯಲ್ಲಿ ನಿಂತು ರಾತ್ರಿಯೆಲ್ಲ ಕರಗುವುದರಿಂದ ಸಂಜೆಯಲ್ಲಿ ತಟ್ಟೆ ಬರಿದಾಗಿರಕೂಡದು. ಮನೆಯಲ್ಲಿ ಒಡೆದ ಮೊಟ್ಟೆಯ ಚಿಪ್ಪುಗಳನ್ನೂ ಹುರಿದು, ಗುರುತು ಸಿಕ್ಕದಂತೆ ಪುಡಿಮಾಡಿ ಕೊಡಬಹುದು. ಇಡಿಯಾಗಿ ಹಾಕಿದರೆ ಮೊಟ್ಟೆ ಕುಕ್ಕಿ ತಿನ್ನುವ ಚಾಳಿ ಹತ್ತುವ ಭಯವುಂಟು, ಮತ್ತು ಆ ಚಾಳಿಯನ್ನು ಬಿಡಿಸುವುದು ಬಹು ಕಷ್ಟ. ಎಲೆಯಡಕೆಗೆ ಹಾಕುವ ಸುಣ್ಣವನ್ನಾಗಲಿ ಸುಟ್ಟ ಸುಣ್ಣವನ್ನಾಗಲಿ ಎಂದಿಗೂ ತಿನ್ನಿಸಬಾರದು. ಬಾಯಿಯೂ ಗಂಟಲೂ ಬೆಂದುಹೋಗುವುವು. ಬೆಳೆಯುವ ಮರಿಗಳಿಗೂ ಈ ತಟ್ಟೆ ಎಟುಕದಿರಲಿ. ಅತಿಯಾದ ಸುಣ್ಣದಂಶವು ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ.

ತಿಂದ ಸುಣ್ಣದಂಶವು ಮೈಗೆ ಹತ್ತಬೇಕಾದರೆ ಡಿ ಜೀವಸತ್ವವು ಅವಶ್ಯಕ. ಬಿಸಿಲಿನಲ್ಲಿ ತಿರುಗಾಡುವ ಕೋಳಿಗೆ ಅದು ಪುಕ್ಕಟೆಯಾಗಿ ದೊರೆಯುವುದು. ಹಗಲೆಲ್ಲ ಕತ್ತಲೆಯ ಮೂಲೆಯಲ್ಲಿ ಮಂಕರಿ ಮುಚ್ಚಿಟ್ಟ ಕೋಳಿಗೆ ಎಷ್ಟು ಚಿಪ್ಪು ತಿನ್ನಿಸಿದರೂ ಪ್ರಯೋಜನ ಸ್ವಲ್ಪವೇ.

ಬೇಸಗೆಯಲ್ಲಿ ಕೋಳಿಯು ಬಾಯಿ ತೆರೆದು ಏದುವಾಗ ರಕ್ತದಲ್ಲಿರುವ ಇಂಗಾಲಾಮ್ಲವು ಹೆಚ್ಚಾಗಿ ಹೊರಟುಹೋಗಿ ಚಿಪ್ಪು ತೆಳುವಾಗುತ್ತದೆ. ಆಗ ನೆರಳೂ, ಮಣ್ಣಿನ ಪಾತ್ರೆಯಲ್ಲಿ ದಿನಕ್ಕೆರಡು ಬಾರಿ ಬದಲಿಸಿದ ತಣ್ಣೀರೂ ಬೇಕು. ರಾತ್ರಿ ಬೆಕ್ಕು, ಮುಂಗುಸಿಗಳು ಗೂಡಿಗೆ ನುಗ್ಗಿದರೂ, ದೀಪಾವಳಿಯ ಪಟಾಕಿಗೆ ಬೆದರಿದರೂ ಚಿಪ್ಪು ಕಟ್ಟುವ ಮೊದಲೇ ಮೊಟ್ಟೆ ಜಾರಿಬೀಳುವುದುಂಟು. ಹೊಸದಾಗಿ ಮೊಟ್ಟೆಗೆ ಬಂದ ಹೇಂಟೆಯು ಒಂದೆರಡು ತೊಗಲು ಮೊಟ್ಟೆಗಳನ್ನಿಟ್ಟರೆ ಗಾಬರಿಪಡಬೇಕಾದುದಿಲ್ಲ.

ಇವೆಲ್ಲಕ್ಕಿಂತ ಅಪಾಯವಾದುದು ಮೊಟ್ಟೆ ಸಿಕ್ಕಿಕೊಳ್ಳುವುದು. ಮೊಟ್ಟೆಯನ್ನು ನೂಕುವ ಸ್ನಾಯುಗಳಿಗೂ ಸುಣ್ಣದಂಶವೇ ಬಲ. ಮೆತ್ತನೆಯ ಮೊಟ್ಟೆಯಾದರೋ ಸ್ನಾಯುಗಳ ಹಿಡಿತಕ್ಕೆ ಸಿಕ್ಕುವುದಿಲ್ಲ. ಆದುದರಿಂದ ತೊಗಲು ಮೊಟ್ಟೆಯಿಡುವ ಕೋಳಿಗಳಲ್ಲಿ ಇದು ಹೆಚ್ಚು. ಕೋಳಿಯು ಮೇವು ಬಿಟ್ಟು, ಬಾಲವನ್ನು ಇಳಿಬಿಟ್ಟು, ಮೈಯನ್ನು ನೆಟ್ಟಗೆ ನಿಲ್ಲಿಸಿ, ಮತ್ತೆ ಮತ್ತೆ ತಿಣುಕುತ್ತಿದ್ದರೆ ತಡಮಾಡಬಾರದು. ಕೈ ತಾಳುವಷ್ಟು ಬೆಚ್ಚಗಿನ ನೀರಿನಲ್ಲಿ ಅದರ ಹೊಟ್ಟೆ ಮುಳುಗುವಂತೆ 15-20 ನಿಮಿಷ ಹಿಡಿದಿದ್ದು, ಒರಸಿ, ಗುದದ್ವಾರಕ್ಕೆ ಕೊಬ್ಬರಿ ಎಣ್ಣೆ ಸವರಿ, ಬೆಚ್ಚಗಿರುವ ಕತ್ತಲೆಯ ಸ್ಥಳದಲ್ಲಿ ಒಂಟಿಯಾಗಿ ಬಿಡತಕ್ಕದ್ದು. ಕೆಲವು ಗಂಟೆಗಳ ಮೇಲೆ ಇದನ್ನೇ ಮತ್ತೊಮ್ಮೆ ಮಾಡಬಹುದು. ಹೊಟ್ಟೆಯನ್ನು ಹಿಸುಕುವುದೂ ಒಳಗಿನ ಮೊಟ್ಟೆಯನ್ನು ಒಡೆಯುವುದೂ ಕೋಳಿಯನ್ನು ಕೊಂದಂತೆಯೇ. ಅದೇ ದಿನದಲ್ಲಿ ಮೊಟ್ಟೆ ಬೀಳದಿದ್ದರೆ ಪಶುವೈದ್ಯಶಾಲೆಗೆ ಒಯ್ಯಬೇಕು.

ಮನೆಯ ಎಲ್ಲ ಕೋಳಿಗಳೂ ಒಟ್ಟಿಗೆ ಸೊಟ್ಟ, ತೆಳು ಮೊಟ್ಟೆಗಳನ್ನಿಡತೊಡಗಿ, ಜೊತೆಗೆ ಹಸಿರು ಭೇದಿ, ಏದುಸಿರು, ಕತ್ತು ತಿರುಚುವುದು ಕಂಡರೆ ಅದು ಮೇವಿನ ದೋಷವಲ್ಲ, ಕೊಕ್ಕರೆ ರೋಗವಿರಬಹುದು. ಅದಕ್ಕೆ ಔಷಧವಿಲ್ಲ, ಮೊದಲೇ ಲಸಿಕೆ ಹಾಕಿಸುವುದೊಂದೇ ದಾರಿ. ಅಂಥ ಕೋಳಿಗಳನ್ನು ಸಂತೆಗೆ ಒಯ್ದರೆ ರೋಗವು ಊರೂರಿಗೆ ಹರಡುತ್ತದೆ.

ಕೋಳಿಯು ಮೊಟ್ಟೆಯನ್ನೇ ನಿಲ್ಲಿಸಿದರೆ ಗರಿ ಉದುರಿಸುವ ಕಾಲವೋ, ಕಾವಿಗೆ ಕೂರುವ ಮನಸ್ಸೋ ಎಂಬುದನ್ನು ಮೊದಲು ನೋಡತಕ್ಕದ್ದು. ಗರಿ ಉದುರುವಾಗ ಎರಡು ಮೂರು ತಿಂಗಳು ಮೊಟ್ಟೆ ಬಾರದಿರುವುದು ಸಹಜ. ಹಗಲು ಚಿಕ್ಕದಾಗುವ ಮಾರ್ಗಶಿರ, ಪುಷ್ಯ ಮಾಸಗಳಲ್ಲಿಯೂ ಮೊಟ್ಟೆ ಇಳಿಯುತ್ತದೆ. ನಾಲ್ಕು ಕೋಳಿಗಳಿಗಾಗಿ ದೀಪ ಉರಿಸುವುದು ಲಾಭದಾಯಕವಲ್ಲ. ಇವಾವುವೂ ಅಲ್ಲದಿದ್ದರೆ ಬೇಲಿಯ ಸಂದು, ಹುಲ್ಲಿನ ಬಣವೆಯ ಬುಡಗಳನ್ನು ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು. ಮೊಟ್ಟೆ ನಿಲ್ಲಿಸಿತೆಂದು ಬೈಸಿಕೊಂಡ ಕೋಳಿಯು ಅಲ್ಲಿ ಹನ್ನೆರಡು ಮೊಟ್ಟೆಗಳನ್ನು ಬಚ್ಚಿಟ್ಟಿರುವುದುಂಟು.