ಮಡಿಕೆಗೆ ಸಿಕ್ಕ ಸ್ವಾಮಿ

ಮಡಿಕೆ ಅಂದರೆ ಬಹುಪಾಲು ಕನ್ನಡಿಗರಿಗೆ ಮಣ್ಣಿನ ಗಡಿಗೆ. ಪಾವಗಡದ ಕಡೆ ಹಾಗಲ್ಲ. ಅಲ್ಲಿ ಮಡಿಕೆ, ಮಡಕೆ ಅಂದರೆ ನೇಗಿಲು. ಮಡಕೆ ಕಟ್ಟಿದಾನೆ ಅಂದರೆ ಹೊಲ ಉಳುತ್ತಿದ್ದಾನೆ ಅಂತ. ಗಡಿಯಾಚೆಯ ತೆಲುಗಿನವರ ಬಾಯಲ್ಲೂ ನೇಗಿಲು ಮಡಕವೇ. ನಾಗಲಮಡಿಕೆ ಎಂಬ ಹೆಸರನ್ನು ಈ ಸೀಮೆಯ ಕಿವಿಯಿಂದ ಕೇಳಿದರೆ ಮಾತ್ರ ಊರಿನ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪಾವಗಡದಿಂದ ಸುಮಾರು 14 ಕಿ.ಮೀ. ದೂರದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ ಇರುವ ಹೋಬಳಿ ಕೇಂದ್ರ ಇದು. ಇಲ್ಲಿನ ಸುಬ್ರಹ್ಮಣ್ಯನನ್ನು ಅಂತ್ಯ ಸುಬ್ರಹ್ಮಣ್ಯ ಎನ್ನುತ್ತಾರೆ. ಕುಕ್ಕೆ ಆದಿ, ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ. ಮೂರನ್ನೂ ಒಂದೇ ಸರ್ಪದ ದೇಹವೆಂದು ಭಾವಿಸಿ ದರ್ಶನ ಮಾಡುವವರಿದ್ದಾರೆ. ಕುಕ್ಕೆ, ಘಾಟಿಗಳ ಹೆಸರು ನಾಡಿಗೆಲ್ಲ ಗೊತ್ತು. ಮೂರನೆಯದು ಎಲ್ಲಿ ಅಂದರೆ ಬೆಂಗಳೂರಿನವರು ತಡವರಿಸುತ್ತಾರೆ.

ಊರಿನವರು ಹೇಳುವ ಕಥೆ ಹೀಗಿದೆ. ಅನ್ನಂಭಟ್ಟರೆಂಬ ಭಕ್ತರೊಬ್ಬರು ವರ್ಷವೂ ತಪ್ಪದೆ ಕುಕ್ಕೆಯ ತೇರಿಗೆ ಹೋಗುತ್ತಿದ್ದರಂತೆ. ವಯಸ್ಸಾಯಿತು, ಕಾಲು ಸೋತಿತು. ಒಂದು ವರ್ಷ ತಲುಪುವುದು ತಡವಾಯಿತು. ಅಲ್ಲಿ ಎಷ್ಟು ಎಳೆದರೂ ತೇರು ಮುಂದಕ್ಕೆ ಕದಲಲಿಲ್ಲವಂತೆ, ಭಟ್ಟರು ಬಂದ ಮೇಲೆಯೇ ಚಕ್ರ ಉರುಳಿದ್ದು. ಇನ್ನು ನೀನು ಬರುವುದು ಬೇಡ, ನಾನೇ ನಿನ್ನ ಊರಿಗೆ ಬರುತ್ತೇನೆ ಎಂದು ಸ್ವಾಮಿಯ ಅಪ್ಪಣೆಯಾಯಿತು. ಆಮೇಲೆ ಪಿನಾಕಿನಿಯ ದಡದಲ್ಲಿ ಹೊಲ ಉಳುವಾಗ ನೇಗಿಲ ಮೊನೆಗೆ ನಾಗರೂಪದ ಕಲ್ಲು ತಗುಲಿತು. ನಾಗ, ಮಡಿಕೆ, ಎರಡೂ ಸೇರಿ ಊರಿಗೆ ಹೆಸರಾಯಿತು.

ಈ ಕಥೆಯ ತೂಕ ತಿಳಿಯಬೇಕಾದರೆ ದಾರಿಯನ್ನು ಒಮ್ಮೆ ನೆನೆಯಬೇಕು. ಇಲ್ಲಿಂದ ಕುಕ್ಕೆಗೆ 300 ಕಿ.ಮೀ.ಗೂ ಹೆಚ್ಚು. ತುಮಕೂರು, ಹಾಸನದ ಬಯಲು ದಾಟಿ ಘಟ್ಟ ಇಳಿಯಬೇಕು. ಬಿಸಿಲೆ ಘಾಟಿಯ ದಾರಿಯಲ್ಲಿ ಮಂಕನಹಳ್ಳಿಯ ಬಳಿ ಒಂದು ಕಲ್ಲು ಇದೆ. ಅದರ ಈಚೆ ಬಿದ್ದ ಮಳೆ ಹೇಮಾವತಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ, ಆಚೆ ಬಿದ್ದದ್ದು ಕುಮಾರಧಾರೆಯ ಮೂಲಕ ಅರಬ್ಬಿ ಸಮುದ್ರಕ್ಕೆ. ಆ ಕಲ್ಲು ದಾಟಿದವನು ಇನ್ನೊಂದು ಲೋಕಕ್ಕೆ ಇಳಿಯುತ್ತಾನೆ. ಕುಕ್ಕೆಯ ಬೆನ್ನಿಗೆ 1712 ಮೀಟರ್ ಎತ್ತರದ ಕುಮಾರಪರ್ವತ, ಅದರ ಮಗ್ಗುಲಲ್ಲೇ ಶೇಷಪರ್ವತ. ವರ್ಷಕ್ಕೆ 4000 ಮಿ.ಮೀ. ಮೀರುವ ಮಳೆ, ಹಗಲಲ್ಲೂ ಕತ್ತಲು ಕವಿಯುವ ಕಾಡು. ಗರುಡನಿಗೆ ಹೆದರಿದ ವಾಸುಕಿ ಆಸರೆ ಪಡೆದದ್ದು ಅಲ್ಲಿ ಎಂಬುದು ಪುರಾಣದ ಮಾತು.

ಪಾವಗಡದ ಮಳೆ 550 ಮಿ.ಮೀ. ಆಸುಪಾಸು. ಬೋಳು ಬಂಡೆಯ ಗುಡ್ಡ, ಕಡಲೆಕಾಯಿ ಹೊಲ, ಬೇಲಿಯ ಜಾಲಿ. ಅಡಗಲು ಅಂಥ ಕಾಡಿದ್ದ ಸರ್ಪ ಘಟ್ಟ ಹತ್ತಿ ಈ ಬಟಾಬಯಲಿಗೆ ಬಂತು, ಅದೂ ಒಬ್ಬ ಮುದುಕನ ಸಲುವಾಗಿ! ಯಾತ್ರೆ ಹೋಗುವವರ ಕಥೆಗಳು ನಮ್ಮಲ್ಲಿ ರಾಶಿ ಇವೆ. ಹೋಗಲಾರದವನ ಕಥೆಯ ಮೇಲೆ ನಿಂತ ಕ್ಷೇತ್ರ ಇದು. ನನಗೆ ನಾಗಲಮಡಿಕೆ ದೊಡ್ಡದಾಗಿ ಕಾಣುವುದು ಇದಕ್ಕೇ.

ಕುಕ್ಕೆಯ ತೇರು ಮಾರ್ಗಶಿರದ ಚಂಪಾಷಷ್ಠಿಗೆ. ಒಂದು ತಿಂಗಳು ಕಳೆದು ಪುಷ್ಯ ಶುದ್ಧ ಷಷ್ಠಿಗೆ ಇಲ್ಲಿ ಬ್ರಹ್ಮರಥೋತ್ಸವ. ಆ ಹೊತ್ತಿಗೆ ಒಕ್ಕಣೆ ಮುಗಿದು, ಮೇವು ಬಣವೆ ಸೇರಿ, ಎತ್ತುಗಳ ಹೆಗಲಿಗೆ ಬಿಡುವು ಸಿಕ್ಕಿರುತ್ತದೆ. ಹಾಗಾಗಿ ತೇರಿನ ಜೊತೆಗೇ ದನಗಳ ಜಾತ್ರೆ. ನೇಗಿಲಿಗೆ ಸಿಕ್ಕ ದೇವರ ಪರಿಷೆಯಲ್ಲಿ ಎತ್ತುಗಳಿಲ್ಲದಿದ್ದರೆ ಹೇಗೆ?

ಇಲ್ಲಿ ವ್ಯಾಪಾರ ನೋಡಲು ಒಂದು ಕಡೆ ಸುಮ್ಮನೆ ನಿಲ್ಲಬೇಕು. ಕೊಳ್ಳುವವನು ಮೊದಲು ಎತ್ತಿನ ಬಾಯಿ ಬಿಡಿಸುತ್ತಾನೆ. ಎರಡಲ್ಲೋ, ನಾಲ್ಕಲ್ಲೋ, ಬಾಯಿಗೂಡಿದ್ದೋ ನೋಡಬೇಕಲ್ಲ. ಆಮೇಲೆ ಬೆನ್ನು, ಹಣೆಯ ಸುಳಿ. ಗೊರಸು. ನಾಲ್ಕು ಹೆಜ್ಜೆ ನಡೆಸಿ ಕಾಲೆಳೆಯುತ್ತದೆಯೇ ಎಂಬ ಪರೀಕ್ಷೆ. ಕೊನೆಗೆ ದಲ್ಲಾಳಿ ಹೆಗಲ ಟವೆಲ್ ತೆಗೆದು ಕೈ ಮುಚ್ಚುತ್ತಾನೆ. ಅದರ ಮರೆಯಲ್ಲಿ ಬೆರಳು ಬೆರಳು ಹಿಡಿದು ಬೆಲೆ ಏರುತ್ತದೆ, ಇಳಿಯುತ್ತದೆ. ಸುತ್ತ ನಿಂತವರಿಗೆ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ಕನ್ನಡದಲ್ಲಿ ಶುರುವಾದ ಮಾತು ಯಾವಾಗ ತೆಲುಗಿಗೆ ಹೊರಳಿತೆಂದು ಅವರಿಗೇ ಗೊತ್ತಿರುವುದಿಲ್ಲ. ಪಾವಗಡ ತಾಲ್ಲೂಕನ್ನು ಹೆಚ್ಚುಕಡಿಮೆ ಆಂಧ್ರವೇ ಸುತ್ತಿಕೊಂಡಿದೆ. ಈ ದೇವರಿಗೆ ಎರಡೂ ಭಾಷೆ ಬರುತ್ತವೆ. ಗಡಿಯ ಎರಡೂ ಕಡೆ ಸುಬ್ಬಣ್ಣ, ಸುಬ್ಬರಾಯಪ್ಪ, ನಾಗಮ್ಮ, ನಾಗರಾಜರಿಗೆ ಕೊರತೆಯಿಲ್ಲ.

ಟ್ರ್ಯಾಕ್ಟರ್ ಬಂದ ಮೇಲೆ ಉಳುವ ಎತ್ತು ಕಟ್ಟುವ ಮನೆಗಳು ಕಡಿಮೆಯಾಗಿವೆ. ಇದೇ ಹೋಬಳಿಯ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2050 ಮೆಗಾವಾಟ್ ಸಾಮರ್ಥ್ಯದ್ದು. ಹೊಲವನ್ನು ಗುತ್ತಿಗೆಗೆ ಕೊಟ್ಟ ರೈತನಿಗೆ ವರ್ಷವರ್ಷ ಹಣ ಬರುತ್ತದೆ. ಮಳೆ ಕೈಕೊಡುವ ಸೀಮೆಯಲ್ಲಿ ಅದನ್ನು ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಅಲ್ಲಿ ಮಡಕೆ ಕಟ್ಟುವುದು ನಿಂತಿತು. ಆ ಮಾತೇ ಮರೆತರೆ ಮುಂದಿನ ಮಕ್ಕಳು ಊರಿನ ಹೆಸರಿಗೆ ಗಡಿಗೆಯ ಅರ್ಥ ಹೇಳಿಕೊಂಡಾರು ಎಂಬ ಸಂಕಟ ನನ್ನದು.

ಇನ್ನು ಹೊಳೆ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ, ಆಂಧ್ರಕ್ಕೆ ಹೋಗಿ, ಮತ್ತೆ ಪಾವಗಡದ ನೆಲವನ್ನು ಮುಟ್ಟಿ ಪೇರೂರಿನ ಅಣೆಕಟ್ಟಿನ ಕಡೆ ಹೊರಳುವ ಉತ್ತರ ಪಿನಾಕಿನಿ ಜನರ ಬಾಯಲ್ಲಿ ಪೆನ್ನೆ, ಪೆನ್ನಾರ್. ಒಟ್ಟು ಉದ್ದ 597 ಕಿ.ಮೀ., ಸೇರುವುದು ನೆಲ್ಲೂರಿನ ಬಳಿ ಕಡಲಿಗೆ. ಆದರೆ ವರ್ಷದ ಬಹುಕಾಲ ಇಲ್ಲಿ ಬರೀ ಮರಳು. 2022ರ ಮಳೆಗೆ ಹೊಳೆ ತುಂಬಿ ಹರಿದಾಗ ಜನ ದೇವರಿಗಿಂತ ಮೊದಲು ನೀರಿಗೇ ಕೈ ಮುಗಿದರು.

ನೀರು ಕಾಣದಿದ್ದರೂ ಇರುತ್ತದೆ ಎಂಬುದು ಈ ಸೀಮೆಯ ಹಳೆಯ ಅರಿವು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದಲ್ಲಿ ತಲಪರಿಗೆ ಎಂಬ ಒರತೆಗಳಿವೆ. ಮರಳಿನ ಅಡಿಯ ಸೆಲೆಯನ್ನು ಕಾಲುವೆ ತೋಡಿ ಹೊಲಕ್ಕೆ ಹರಿಸುವ ಕ್ರಮ ಅದು. ಯಾರ ಸರದಿ ಯಾವಾಗ, ಹೂಳೆತ್ತಲು ಯಾರು ಬರಬೇಕು ಎಂಬುದನ್ನೆಲ್ಲ ಊರೇ ಕೂತು ತೀರ್ಮಾನಿಸುತ್ತಿತ್ತು. ಕೊಳವೆಬಾವಿಗಳು ನೀರನ್ನು ಪಾತಾಳಕ್ಕೆ ಇಳಿಸಿದ ಮೇಲೆ ಎಷ್ಟೋ ತಲಪರಿಗೆಗಳು ಬತ್ತಿದವು. ಮೇಲೆ ಸಿಕ್ಕುವ ಸಿಹಿನೀರು ಹೋಗಿ ಆಳದ ಫ್ಲೋರೈಡ್ ನೀರು ಬಾಯಿಗೆ ಬಂತು. ಹಲ್ಲು ಕರೆಗಟ್ಟಿದ ಮಕ್ಕಳು, ಗಂಟು ಹಿಡಿದು ಕೂತ ಹಿರಿಯರು ತಾಲ್ಲೂಕಿನಲ್ಲಿ ಇಂದಿಗೂ ಸಿಗುತ್ತಾರೆ.

ಒಳ್ಳೆಯ ಮಳೆಯಾದ ವರ್ಷ ತೇರಿನ ಮಾರನೆಯ ದಿನ ಪೆನ್ನೆಗೆ ಇಳಿದು ನೋಡಿ. ಎತ್ತು ಹೊಡೆದುಕೊಂಡು ಹೊರಟವರು ನಡುವೆ ಕೂತು ಮರಳನ್ನು ಬೊಗಸೆಯಲ್ಲಿ ಬಗೆಯುತ್ತಾರೆ. ಮೊಳದುದ್ದ ಬಗೆದರೆ ತಳ ಒದ್ದೆ. ಇನ್ನೊಂದಿಷ್ಟು ಬಗೆದರೆ ರಾಡಿ ನೀರು. ಅದನ್ನು ಎರಡು ಸಲ ಮೊಗೆದು ಚೆಲ್ಲಿ ಕಾಯುತ್ತಾರೆ. ಮೂರನೆಯ ಸಲ ಚಿಲುಮೆ ತಿಳಿಯಾಗಿ ತುಂಬುತ್ತದೆ. ಮೊದಲ ಚೆಂಬು ಎತ್ತುಗಳ ಕೊಂಬಿಗೆ ಎರೆದು ಆಮೇಲೆ ತಾವು ಕುಡಿಯುತ್ತಾರೆ.